ಸಂದರ್ಶಕರ ಪುಸ್ತಕಕ್ಕೂ ನೋಂದಣಿ ಫಾರ್ಮಿಗೂ ಸ್ಪ್ಯಾಮ್ ಸುರಿಯುತ್ತಿದೆ: ಚಿತ್ರದ ಕ್ಯಾಪ್ಚಾ ಇಲ್ಲದೆ ತಡೆಯುವುದು ಹೇಗೆ?

ಓದುಗರ_ಅಂಗಳ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಒಂದು ಸಾಹಿತ್ಯ ಬಳಗದ ಜಾಲತಾಣ. ಪಿಎಚ್‌ಪಿ 8, ಮೈಎಸ್‌ಕ್ಯೂಎಲ್, ಸಿಪ್ಯಾನೆಲ್ ಇರುವ ಶೇರ್ಡ್ ಹೋಸ್ಟಿಂಗ್. ವರ್ಡ್‌ಪ್ರೆಸ್ ಅಲ್ಲ, ಕೈಯಿಂದ ಬರೆದ ಕೋಡ್. ಮೂರು ಫಾರ್ಮ್ ಇವೆ.

ಒಂದು, ಸಂದರ್ಶಕರ ಪುಸ್ತಕ. ಹೆಸರು, ಇಮೇಲ್, "ನಿಮ್ಮ ವೆಬ್‌ಸೈಟ್", ಅನಿಸಿಕೆ ಎಂದು ನಾಲ್ಕು ಖಾನೆ. ಬರೆದದ್ದು ಕೂಡಲೇ ಪುಟದಲ್ಲಿ ಕಾಣುತ್ತದೆ. ಎರಡು, ಸಂಪರ್ಕ ಫಾರ್ಮ್. ಇದು ನೇರ ಬಳಗದ ಇಮೇಲ್‌ಗೆ ಹೋಗುತ್ತದೆ. ಮೂರು, ಕಾರ್ಯಕ್ರಮದ ನೋಂದಣಿ. ಹೆಸರು ಕೊಟ್ಟವರಿಗೆ ತಾನಾಗಿ ಒಂದು ದೃಢೀಕರಣ ಮೇಲ್ ಹೋಗುತ್ತದೆ.

ಸಂದರ್ಶಕರ ಪುಸ್ತಕದ ತುಂಬ ಕ್ಯಾಸಿನೊ, ಮಾತ್ರೆ, ರಷ್ಯನ್ ಲಿಪಿಯ ಕೊಂಡಿಗಳು. ಸಂಪರ್ಕ ಫಾರ್ಮಿನಲ್ಲಿ "ನಿಮ್ಮ ಸೈಟನ್ನು ಗೂಗಲ್ ಮೊದಲ ಪುಟಕ್ಕೆ ತರುತ್ತೇವೆ" ಎನ್ನುವ ಇಂಗ್ಲಿಷ್ ಪತ್ರಗಳು. ನೋಂದಣಿ ಫಾರ್ಮಿನಲ್ಲಿ ಇನ್ನೂ ವಿಚಿತ್ರ: ಹೆಸರಿನ ಜಾಗದಲ್ಲೇ ಒಂದು ಸಾಲು ಇಂಗ್ಲಿಷ್ ಜಾಹೀರಾತು, ಜೊತೆಗೆ ಒಂದು ಕೊಂಡಿ; ಇಮೇಲ್ ಮಾತ್ರ ಯಾರದೋ ನಿಜವಾದ ವಿಳಾಸ. ಹೊರಹೋಗುವ ಮೇಲ್ ಮಿತಿ ಮೀರಿದೆ ಎಂದು ಹೋಸ್ಟಿಂಗ್‌ನವರಿಂದ ಎಚ್ಚರಿಕೆಯೂ ಬಂದಿದೆ.

ಈಗ ಇರುವ ತಡೆ: "3 + 4 ಎಷ್ಟು?" ಎಂಬ ಲೆಕ್ಕ, ಮತ್ತು ಟೈಪ್ ಹಿಡನ್ ಎಂದು ಕೊಟ್ಟ ಒಂದು ಖಾಲಿ ಖಾನೆ. ಎರಡನ್ನೂ ದಾಟಿ ಬರುತ್ತಿವೆ.

ಓದುಗರಲ್ಲಿ ವಯಸ್ಸಾದವರು ಹೆಚ್ಚು, ಬಹುತೇಕ ಎಲ್ಲರೂ ಮೊಬೈಲ್‌ನಲ್ಲೇ ಬರೆಯುವವರು. ಕೊಲ್ಲಿ ದೇಶಗಳಲ್ಲಿ, ಅಮೆರಿಕದಲ್ಲಿ ಇರುವವರೂ ಬರೆಯುತ್ತಾರೆ. ಬಸ್ಸು, ಟ್ರಾಫಿಕ್ ಲೈಟು ಹುಡುಕಿಸುವ ಚಿತ್ರದ ಕ್ಯಾಪ್ಚಾ ಹಾಕಿದರೆ ಅವರು ಬರೆಯುವುದನ್ನೇ ನಿಲ್ಲಿಸುತ್ತಾರೆ. ಬೇರೆ ದಾರಿ ಇದೆಯೇ? ಭಾರತದ ಹೊರಗಿನ ಐಪಿಗಳನ್ನೆಲ್ಲ (ಇಂಟರ್ನೆಟ್ ವಿಳಾಸಗಳನ್ನೆಲ್ಲ) ತಡೆದುಬಿಡಿ ಎಂದು ಕೆಲವರು ಹೇಳುತ್ತಿದ್ದಾರೆ, ಅದು ಸರಿಯೇ?

---

ಬಯಲುಸೀಮೆ_ಡೆವ್

ಮೊದಲು ನೋಂದಣಿ ಫಾರ್ಮಿನ ತಾನಾಗಿ ಹೋಗುವ ಮೇಲ್ ಇವತ್ತೇ ನಿಲ್ಲಿಸಿ. ಉಳಿದದ್ದು ಆಮೇಲೆ. ನಿಮ್ಮ ಡೊಮೇನ್‌ನಿಂದ ಅಪರಿಚಿತರಿಗೆ ಜಾಹೀರಾತು ಹೋಗುತ್ತಿದೆ. ಹೆಸರಿನ ಜಾಗದಲ್ಲಿ ಜಾಹೀರಾತು ಬರೆದು, ಇಮೇಲ್ ಜಾಗದಲ್ಲಿ ಬಲಿಯಾಗಬೇಕಾದವರ ವಿಳಾಸ ಹಾಕಿದರೆ ನಿಮ್ಮ ಕೋಡ್ "ಪ್ರಿಯ (ಜಾಹೀರಾತು), ನಿಮ್ಮ ನೋಂದಣಿ ಆಗಿದೆ" ಅಂತ ನಿಷ್ಠೆಯಿಂದ ಕಳಿಸುತ್ತೆ. ಅವರಿಗೆ ಬೇಕಾಗಿರೋದು ನಿಮ್ಮ ಡೊಮೇನ್‌ನ ಒಳ್ಳೇ ಹೆಸರು, ನಿಮ್ಮ ಕಾರ್ಯಕ್ರಮದ ಸೀಟಲ್ಲ. ಮೇಲ್ ವಿಷಯಕ್ಕೆ ಬೇರೆಯವರು ವಿವರವಾಗಿ ಬರೀತಾರೆ ಅಂದುಕೊಂಡಿದ್ದೇನೆ. ನಾನು ತಡೆಯ ಬಗ್ಗೆ ಬರೀತೀನಿ.

ಎರಡನೇ ಕೆಲಸ, ಲಾಗ್ (ತಾಣಕ್ಕೆ ಬಂದ ಕೋರಿಕೆಗಳ ದಾಖಲೆ) ನೋಡೋದು. ಸಿಪ್ಯಾನೆಲ್‌ನಲ್ಲಿ ರಾ ಆಕ್ಸೆಸ್ ಅಂತ ಇರುತ್ತೆ, ಆ ಫೈಲ್ ಇಳಿಸಿಕೊಳ್ಳಿ. ಸ್ಪ್ಯಾಮ್ ಬಂದ ಸಮಯ ಹಿಡಿದು ಆ ಐಪಿಯ ಸಾಲುಗಳನ್ನು ಹುಡುಕಿ. ಮೂರು ಸಂಗತಿ ಗಮನಿಸಿ: ಪೋಸ್ಟ್‌ಗೆ (ಫಾರ್ಮ್ ಕಳಿಸೋ ಕೋರಿಕೆಗೆ) ಮೊದಲು ಅದೇ ಐಪಿಯಿಂದ ಫಾರ್ಮ್ ಪುಟಕ್ಕೆ ಗೆಟ್ (ಪುಟ ತೋರಿಸು ಅನ್ನೋ ಕೋರಿಕೆ) ಬಂದಿದೆಯಾ? ಬಂದಿದ್ದರೆ ಎರಡರ ನಡುವೆ ಎಷ್ಟು ಸೆಕೆಂಡು? ಸಿಎಸ್‌ಎಸ್, ಚಿತ್ರ, ಜಾವಾಸ್ಕ್ರಿಪ್ಟ್ ಫೈಲುಗಳನ್ನೂ ಕೇಳಿದೆಯಾ? ಗೆಟ್ ಇಲ್ಲದೆ ಬರೀ ಪೋಸ್ಟ್ ಬಂದಿದ್ದರೆ ಅದು ಖಾನೆಗಳ ಹೆಸರನ್ನು ಎಂದೋ ಬರೆದಿಟ್ಟುಕೊಂಡು ನೇರ ಹೊಡೀತಿರೋ ಬಾಟ್ (ತಾನಾಗಿ ಓಡೋ ಪ್ರೋಗ್ರಾಂ). ಗೆಟ್ ಆಗಿ ಒಂದೆರಡು ಸೆಕೆಂಡಿನಲ್ಲಿ ಪೋಸ್ಟ್ ಬಂದಿದ್ದು ಸಿಎಸ್‌ಎಸ್ ಕೇಳಿಲ್ಲ ಅಂದರೆ ಪುಟ ಓದಿ ತುಂಬುವ ಸಾದಾ ಸ್ಕ್ರಿಪ್ಟ್. ಎಲ್ಲ ಫೈಲೂ ಕೇಳಿ ಅರ್ಧ ನಿಮಿಷದ ನಂತರ ಬಂದಿದ್ದರೆ ನಿಜ ಬ್ರೌಸರ್ ಓಡಿಸುವ ಬಾಟ್, ಇಲ್ಲವೇ ಕೂಲಿಗೆ ಕೂತ ಮನುಷ್ಯ. ಮೂರಕ್ಕೂ ಮದ್ದು ಬೇರೆ ಬೇರೆ. ಇದನ್ನು ನೋಡದೆ ಹಾಕೋ ತಡೆ ಅಂದಾಜಿನ ಮೇಲೆ ಹಾಕಿದ್ದಾಗುತ್ತೆ.

ನಿಮ್ಮ ಎರಡು ತಡೆಗಳು ಯಾಕೆ ಕೆಲಸ ಮಾಡ್ತಿಲ್ಲ ಅಂತ ಹೇಳಿಬಿಡ್ತೀನಿ. ಲೆಕ್ಕದ ಎರಡೂ ಸಂಖ್ಯೆ ಎಚ್‌ಟಿಎಂಎಲ್‌ನಲ್ಲಿ ಅಕ್ಷರವಾಗಿಯೇ ಇವೆ, ಕೂಡೋದು ಯಂತ್ರಕ್ಕೆ ಅತಿ ಸುಲಭದ ಕೆಲಸ. ಇನ್ನು ಟೈಪ್ ಹಿಡನ್ ಖಾನೆಗಳಲ್ಲಿ ಸಾಮಾನ್ಯವಾಗಿ ಟೋಕನ್ (ಸರ್ವರ್ ಕೊಟ್ಟ ಗುರುತಿನ ಸಂಕೇತ) ಇರುತ್ತೆ ಅಂತ ಬಾಟ್ ಬರೆಯೋರಿಗೆ ಗೊತ್ತು, ಅದಕ್ಕೆ ಅವನ್ನು ಇದ್ದ ಹಾಗೇ ವಾಪಸ್ ಕಳಿಸ್ತವೆ. ಗಾಳದ ಖಾನೆ, ಅಂದರೆ ಹನಿಪಾಟ್, ಟೈಪ್ ಟೆಕ್ಸ್ಟ್ ಆಗಿರಬೇಕು. ಅದನ್ನು ಕಣ್ಣಿಗೆ ಕಾಣದ ಹಾಗೆ ಹೊರಗಿನ ಸಿಎಸ್‌ಎಸ್ ಫೈಲಿನಿಂದ ಪರದೆಯ ಆಚೆ ಸರಿಸಬೇಕು. ಅದೇ ಸಾಲಿನಲ್ಲಿ ಡಿಸ್‌ಪ್ಲೇ ನನ್ ಅಂತ ಬರೆದರೆ ಅದನ್ನು ಓದಿ ಬಿಟ್ಟುಹೋಗೋ ಬಾಟ್‌ಗಳಿವೆ. ಟ್ಯಾಬ್ ಇಂಡೆಕ್ಸ್ ಮೈನಸ್ ಒಂದು, ಏರಿಯಾ ಹಿಡನ್ ಟ್ರೂ, ಆಟೋಕಂಪ್ಲೀಟ್ ಆಫ್, ಈ ಮೂರೂ ಕೊಡಿ. ಲೇಬಲ್‌ನಲ್ಲಿ "ಈ ಜಾಗ ಖಾಲಿ ಬಿಡಿ" ಅಂತ ಬರೆಯಿರಿ, ಸಿಎಸ್‌ಎಸ್ ಇಳಿಯದ ನಿಧಾನ ಸಂಪರ್ಕದಲ್ಲಿ ಖಾನೆ ಕಂಡರೂ ಓದುಗರು ತುಂಬೋದಿಲ್ಲ.

ಹನಿಪಾಟ್‌ನಲ್ಲಿ ಹೆಚ್ಚು ಜನ ಎಡವೋದು ಖಾನೆಯ ಹೆಸರಿನಲ್ಲಿ. ಫೋನ್, ಅಡ್ರೆಸ್, ಕಂಪನಿ, ಇಮೇಲ್2 ಅಂತ ಹೆಸರಿಟ್ಟರೆ ಬ್ರೌಸರ್‌ನ ಆಟೋಫಿಲ್ ಅದನ್ನು ತಾನೇ ತುಂಬಿಬಿಡುತ್ತೆ. ವಿಳಾಸದ ಖಾನೆಗಳಲ್ಲಿ ಕ್ರೋಮ್ ಆಟೋಕಂಪ್ಲೀಟ್ ಆಫ್ ಅನ್ನೋದನ್ನು ಎಷ್ಟೋ ಸಲ ಲೆಕ್ಕಕ್ಕೇ ತಗೊಳ್ಳಲ್ಲ. ಆಗ ನಿಜವಾದ ಓದುಗರ ಅನಿಸಿಕೆ ಸದ್ದಿಲ್ಲದೆ ಕಸಕ್ಕೆ ಹೋಗುತ್ತೆ, ಅವರಿಗೂ ಗೊತ್ತಾಗಲ್ಲ, ನಿಮಗೂ ಗೊತ್ತಾಗಲ್ಲ.

ನಿಮ್ಮಲ್ಲಿ ಗಾಳ ಈಗಾಗಲೇ ಸಿದ್ಧವಾಗಿದೆ: "ನಿಮ್ಮ ವೆಬ್‌ಸೈಟ್" ಖಾನೆ. ಬಾಟ್‌ಗಳು ನಿಮ್ಮ ಪುಸ್ತಕಕ್ಕೆ ಮುತ್ತಿರೋದೇ ಅದಕ್ಕಾಗಿ. ಓದುಗರ ಕಣ್ಣಿಂದ ಅದನ್ನು ತೆಗೆಯಿರಿ, ಆದರೆ ಅದೇ ಹೆಸರಿನ ಖಾನೆಯನ್ನು ಮೇಲೆ ಹೇಳಿದ ಹಾಗೆ ಮರೆಮಾಡಿ ಉಳಿಸಿ. ಹಳೇ ಪಟ್ಟಿ ಇಟ್ಟುಕೊಂಡಿರೋ ಬಾಟ್‌ಗಳು ಅದನ್ನು ತುಂಬುತ್ತಲೇ ಇರ್ತವೆ, ತುಂಬಿದ್ದೆಲ್ಲ ಸ್ಪ್ಯಾಮ್.

ಮುಂದಿನದು ಸಮಯದ ಪರೀಕ್ಷೆ. ಫಾರ್ಮ್ ತೋರಿಸುವಾಗ ಆಗಿನ ಸಮಯ, ಫಾರ್ಮಿನ ಹೆಸರು, ಒಂದು ಯಾದೃಚ್ಛಿಕ ಸಂಖ್ಯೆ, ಈ ಮೂರನ್ನು ಸೇರಿಸಿ ಸರ್ವರ್‌ನಲ್ಲಿ ಮಾತ್ರ ಇರುವ ಗುಟ್ಟಿನ ಕೀಲಿಯಿಂದ ಎಚ್‌ಮ್ಯಾಕ್ ಶಾ256 ಸಹಿ ಹಾಕಿ, ಹಿಡನ್ ಖಾನೆಯಲ್ಲಿ ಕಳಿಸಿ. ಇದೇ ಟೋಕನ್. ವಾಪಸ್ ಬಂದಾಗ ಸಹಿಯನ್ನು ಹ್ಯಾಶ್ ಈಕ್ವಲ್ಸ್ ಫಂಕ್ಷನ್‌ನಿಂದ ಹೋಲಿಸಿ. ಸಹಿ ಇಲ್ಲದಿದ್ದರೆ ಅಥವಾ ಸುಳ್ಳಾಗಿದ್ದರೆ ಗೆಟ್ ಮಾಡದ ಬಾಟ್. ಮೂರು ಸೆಕೆಂಡಿಗಿಂತ ಬೇಗ ಬಂದಿದ್ದರೆ ಮನುಷ್ಯರು ಟೈಪ್ ಮಾಡಿದ್ದಲ್ಲ. ಯಾದೃಚ್ಛಿಕ ಸಂಖ್ಯೆಯನ್ನು ಒಂದು ಸಲ ಬಳಸಿದ ಮೇಲೆ ಡೇಟಾಬೇಸ್‌ನಲ್ಲಿ ಗುರುತು ಹಾಕಿಕೊಳ್ಳಿ. ಇಲ್ಲದಿದ್ದರೆ ಒಂದೇ ಟೋಕನ್ ಇಟ್ಟುಕೊಂಡು ನೂರು ಸಲ ಹೊಡೀತಾರೆ.

ಇದರಲ್ಲಿ ಎರಡು ಗುಂಡಿಗಳಿವೆ. ಇಮೇಲ್ ತಪ್ಪಾಗಿದೆ ಅಂತ ಫಾರ್ಮನ್ನು ಮತ್ತೆ ತೋರಿಸಿದಾಗ ಓದುಗರು ಒಂದಕ್ಷರ ತಿದ್ದಿ ಎರಡೇ ಸೆಕೆಂಡಿನಲ್ಲಿ ಕಳಿಸಬಹುದು. ಆದ್ದರಿಂದ ಮರುಪ್ರದರ್ಶನದಲ್ಲಿ ಸಂಖ್ಯೆ ಹೊಸದಿರಲಿ, ಸಮಯ ಮಾತ್ರ ಮೊದಲಿನದೇ ಇರಲಿ. ಇನ್ನೊಂದು, ಪುಟ ಕ್ಯಾಶ್ ಆಗುತ್ತಿದ್ದರೆ, ಅಂದರೆ ಉಳಿಸಿಟ್ಟ ಪ್ರತಿಯೇ ಹೋಗುತ್ತಿದ್ದರೆ, ಎಲ್ಲರಿಗೂ ಒಂದೇ ಹಳೇ ಟೋಕನ್ ಹೋಗುತ್ತೆ. ಫಾರ್ಮ್ ಇರೋ ಪುಟವನ್ನು ಕ್ಯಾಶ್‌ನಿಂದ ಹೊರಗಿಡಿ. ಟ್ಯಾಬ್ ತೆರೆದಿಟ್ಟು ಮಾರನೇ ದಿನ ಕಳಿಸೋರೂ ಇದ್ದಾರೆ. ಟೋಕನ್ ಹಳತಾಗಿದ್ದರೆ ಬರೆದದ್ದನ್ನು ಅಳಿಸದೆ, ಹೊಸ ಟೋಕನ್ ಜೊತೆ ಅದೇ ಬರಹ ತೋರಿಸಿ "ಮತ್ತೊಮ್ಮೆ ಕಳಿಸಿ" ಅನ್ನಿ. ಕಷ್ಟಪಟ್ಟು ಮೊಬೈಲ್‌ನಲ್ಲಿ ಕನ್ನಡ ಟೈಪ್ ಮಾಡಿದವರ ಎರಡು ಪ್ಯಾರಾ ಮಾಯವಾದರೆ ಅವರು ಮತ್ತೆ ಬರೆಯೋದಿಲ್ಲ.

ಐಪಿ ವಿಷಯ: ದೇಶ ನೋಡಿ ತಡೀಬೇಡಿ. ದುಬೈನಿಂದ ಬರೆಯೋ ಕನ್ನಡಿಗರನ್ನು ಹೊರಗಿಟ್ಟ ಹಾಗಾಗುತ್ತೆ, ಬಾಟ್ ನಡೆಸೋರು ಭಾರತದ ಐಪಿಯನ್ನೇ ಬಾಡಿಗೆಗೆ ತಗೊಂಡು ಬರ್ತಾರೆ. ಒಂಟಿ ಐಪಿಯನ್ನು ಶಾಶ್ವತವಾಗಿ ತಡೆಯೋದೂ ಬೇಡ. ನಮ್ಮ ಮೊಬೈಲ್ ಕಂಪನಿಗಳು ಒಂದೇ ಐಪಿವಿ4 ವಿಳಾಸವನ್ನು ನೂರಾರು ಗಿರಾಕಿಗಳಿಗೆ ಹಂಚುತ್ತವೆ. ಒಬ್ಬರನ್ನು ತಡೆದರೆ ಒಂದು ಬಡಾವಣೆಯನ್ನೇ ತಡೆದಂತೆ.

---

ಅಕ್ಷರಜಾಲ

ಬಯಲುಸೀಮೆಯವರು ಹೇಳಿದ್ದೆಲ್ಲ ಸರಿ. ಕನ್ನಡ ತಾಣಗಳಿಗೇ ಇರುವ ತೊಂದರೆಗಳನ್ನು ನಾನು ಸೇರಿಸುತ್ತೇನೆ. ಸ್ಪ್ಯಾಮ್ ತಡೆಯುವ ಸಿದ್ಧ ಕೋಡ್‌ಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಮನಸ್ಸಿನಲ್ಲಿಟ್ಟುಕೊಂಡು ಬರೆದವು, ಹಾಗೇ ಎತ್ತಿ ಹಾಕಿದರೆ ಬಾಟ್‌ಗಿಂತ ಮೊದಲು ಕನ್ನಡದಲ್ಲಿ ಬರೆದವರೇ ಹೊರಬೀಳುತ್ತಾರೆ.

ಹೆಸರಿನ ಪರೀಕ್ಷೆ. ಎ ಯಿಂದ ಝಡ್ ಮಾತ್ರ ಎಂಬ ರೆಜೆಕ್ಸ್ (ಯಾವ ಅಕ್ಷರ ಬರಬಹುದೆಂದು ನೋಡುವ ನಿಯಮ) ಇದ್ದರೆ ಕನ್ನಡದ ಹೆಸರು ದಾಟುವುದಿಲ್ಲ, ಇದು ಎಲ್ಲರಿಗೂ ಗೊತ್ತು. ಅದನ್ನು ಸರಿಪಡಿಸಲು ಯೂನಿಕೋಡ್ ಅಕ್ಷರ ವರ್ಗ, ಅಂದರೆ ಪಿ-ಎಲ್, ಮಾತ್ರ ಹಾಕುತ್ತಾರೆ. ಅದೂ ಸಾಲದು. "ಗಮನ" ದಾಟುತ್ತದೆ, "ಗೀತಾ" ದಾಟುವುದಿಲ್ಲ. ಏಕೆಂದರೆ ದೀರ್ಘ, ಕೊಂಬು, ಗುಡಿಸು, ಅರ್ಧಾಕ್ಷರದ ವಿರಾಮ ಚಿಹ್ನೆ ಇವೆಲ್ಲ ಯೂನಿಕೋಡ್‌ನಲ್ಲಿ ಅಕ್ಷರ ವರ್ಗದಲ್ಲಿಲ್ಲ, ಚಿಹ್ನೆಗಳ ವರ್ಗದಲ್ಲಿವೆ. ಪಿ-ಎಲ್ ಜೊತೆ ಪಿ-ಎಂ ಸೇರಿಸಲೇಬೇಕು, ರೆಜೆಕ್ಸ್ ಕೊನೆಗೆ ಯು ಎಂಬ ಗುರುತೂ ಇರಬೇಕು. ಚುಕ್ಕೆ, ಅಂತರ ಕೂಡ ಬಿಡಿ, ಇನಿಶಿಯಲ್ ಹಾಕುವವರೇ ನಮ್ಮಲ್ಲಿ ಹೆಚ್ಚು.

ಕಾಣದ ಅಕ್ಷರಗಳು. ಪದಗಳನ್ನು ಫಿಲ್ಟರ್‌ಗೆ ಸಿಗದಂತೆ ಒಡೆಯಲು ಸ್ಪ್ಯಾಮರ್‌ಗಳು ಶೂನ್ಯ ಅಗಲದ ಅಕ್ಷರಗಳನ್ನು ನಡುವೆ ತೂರಿಸುತ್ತಾರೆ. ಅದಕ್ಕೆ ಕೆಲವು ಫಿಲ್ಟರ್‌ಗಳು ಅವು ಕಂಡ ಕೂಡಲೇ ಸ್ಪ್ಯಾಮ್ ಎನ್ನುತ್ತವೆ. ಆದರೆ ನಮಗೆ ಅವು ಬೇಕೇ ಬೇಕು. "ರಾಜ್‌ಕುಮಾರ್" ಎಂದು ಬರೆಯುವಾಗ ಜ್ ಮತ್ತು ಕು ನಡುವೆ ಇರುವುದು ಯು+200ಸಿ, ಶೂನ್ಯ ಅಗಲದ ನಾನ್‌ಜಾಯ್ನರ್. ಅದನ್ನು ಕಿತ್ತರೆ ಒತ್ತಕ್ಷರವಾಗಿ ಹೆಸರೇ ಬೇರೆ ರೂಪ ತಾಳುತ್ತದೆ. ಯು+200ಡಿ ಕೂಡ ಹಾಗೆಯೇ, ರ್ಯ ಮತ್ತು ರ‍್ಯ ಎಂಬ ಎರಡು ಬರವಣಿಗೆಯ ವ್ಯತ್ಯಾಸ ಅದರಿಂದ ಬರುತ್ತದೆ. ಈ ಎರಡನ್ನು ಕನ್ನಡದ ಅರ್ಧಾಕ್ಷರದ ವಿರಾಮ ಚಿಹ್ನೆ ಯು+0ಸಿಸಿಡಿಯ ಅಕ್ಕಪಕ್ಕದಲ್ಲಿ ಬಂದರೆ ಬಿಡಿ, ಲ್ಯಾಟಿನ್ ಅಕ್ಷರಗಳ ನಡುವೆ ಬಂದರೆ ಅನುಮಾನಿಸಿ.

ಉದ್ದದ ಮಿತಿ. ಪಿಎಚ್‌ಪಿಯ ಸ್ಟ್ರ್‌ಲೆನ್ ಬೈಟ್ ಎಣಿಸುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. 300ರ ಮಿತಿ ಇಟ್ಟರೆ ಕನ್ನಡದ 100 ಸಂಕೇತವಷ್ಟೇ ಹಿಡಿಯುತ್ತದೆ, ಅದೂ ಗುಣಿತ, ಒತ್ತು ಎಲ್ಲ ಬೇರೆ ಬೇರೆ ಎಣಿಕೆ. ಎಂಬಿ-ಸ್ಟ್ರ್‌ಲೆನ್ ಬಳಸಿ, ಮಿತಿಯನ್ನೂ ಧಾರಾಳವಾಗಿಡಿ. ಕತ್ತರಿಸುವುದಿದ್ದರೆ ಎಂಬಿ-ಸಬ್‌ಸ್ಟ್ರ್, ಒಂದು ಸಂಕೇತದ ಬೈಟ್‌ಗಳ ನಡುವೆ ಕತ್ತರಿಸಿದರೆ ಕೊನೆಯಲ್ಲಿ ಪ್ರಶ್ನಾರ್ಥಕದ ವಜ್ರ ಕಾಣುತ್ತದೆ.

ಲಿಪಿ ನೋಡಿ ತಡೆಯುವುದು ತುಂಬ ಸೆಳೆಯುವ ಉಪಾಯ: ಕನ್ನಡ ಇಲ್ಲದ್ದೆಲ್ಲ ಸ್ಪ್ಯಾಮ್! ದಯವಿಟ್ಟು ಬೇಡ. "ತುಂಬಾ ಚೆನ್ನಾಗಿದೆ ಸರ್" ಎಂಬುದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರು ಎಷ್ಟು ಮಂದಿ! ಕೀಬೋರ್ಡ್ ಹೊಂದಿಸಿಕೊಳ್ಳಲು ಬಾರದ ಹಿರಿಯರು, ಹೊರದೇಶದಲ್ಲಿ ಬೆಳೆದ ಮಕ್ಕಳು. ಲಿಪಿಯನ್ನು ತೀರ್ಪಾಗಿ ಅಲ್ಲ, ಒಂದು ಸುಳಿವಾಗಿ ಬಳಸಿ.

ಅದಕ್ಕೇ ಅಂಕ ಪದ್ಧತಿ. ಯಾವ ಪರೀಕ್ಷೆಯೂ ಒಂದೇ ಏಟಿಗೆ ತಳ್ಳದಿರಲಿ, ಗಾಳದ ಖಾನೆ ಮತ್ತು ಹೆಸರಿನ ಖಾನೆಯ ಕೊಂಡಿ, ಈ ಎರಡನ್ನು ಬಿಟ್ಟು. ಶುರು ಮಾಡಲು ಒಂದು ಲೆಕ್ಕ ಕೊಡುತ್ತೇನೆ, ನಿಮ್ಮ ಲಾಗ್ ನೋಡಿ ಹೊಂದಿಸಿಕೊಳ್ಳಿ:

ಗಾಳದ ಖಾನೆ ತುಂಬಿದ್ದರೆ 100.
ಸಹಿ ಇಲ್ಲ ಅಥವಾ ಸುಳ್ಳು, 50. ಮೂರು ಸೆಕೆಂಡಿಗಿಂತ ಬೇಗ, 50.
ಹೆಸರಿನ ಖಾನೆಯಲ್ಲಿ ಕೊಂಡಿ, 70.
ಚೌಕ ಆವರಣದ ಯುಆರ್‌ಎಲ್ ಟ್ಯಾಗ್ ಅಥವಾ ಎಚ್‌ಟಿಎಂಎಲ್ ಆಂಕರ್ ಟ್ಯಾಗ್, 60. (ಅನಿಸಿಕೆ ಬರೆಯುವ ಓದುಗರು ಟ್ಯಾಗ್ ಹಾಕುವುದಿಲ್ಲ.)
ಸಾದಾ ಕೊಂಡಿ ಪ್ರತಿಯೊಂದಕ್ಕೆ 15.
ಸಿರಿಲಿಕ್ (ರಷ್ಯನ್) ಲಿಪಿ, 40.
ಇದೇ ಬರಹ 24 ಗಂಟೆಯೊಳಗೆ ಮೊದಲೇ ಬಂದಿದ್ದರೆ 40.
ಅರ್ಧಕ್ಕಿಂತ ಹೆಚ್ಚು ಕನ್ನಡ ಲಿಪಿ (ಯು+0ಸಿ80 ರಿಂದ ಯು+0ಸಿಎಫ್‌ಎಫ್) ಇದ್ದರೆ 20 ಕಳೆಯಿರಿ.

30ರ ಒಳಗೆ ಬಂದರೆ ನೇರ ಪ್ರಕಟ. 30 ರಿಂದ 69 ನಿಮ್ಮ ಪರಿಶೀಲನೆಗೆ. 70 ಮತ್ತು ಮೇಲೆ ಪ್ರತ್ಯೇಕ ಕೋಷ್ಟಕಕ್ಕೆ. ಕನ್ನಡದಲ್ಲಿ ಬರೆದು ಒಂದು ಯೂಟ್ಯೂಬ್ ಕೊಂಡಿ ಕೊಟ್ಟವರು ಆರಾಮವಾಗಿ ದಾಟುತ್ತಾರೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದು ಎರಡು ಕೊಂಡಿ ಕೊಟ್ಟವರು ನಿಮ್ಮ ಕಣ್ಣಿಗೆ ಬೀಳುತ್ತಾರೆ, ಕಳೆದುಹೋಗುವುದಿಲ್ಲ. ಕನ್ನಡಕ್ಕೆ ಕಳೆಯುವ ಅಂಕ 20ಕ್ಕಿಂತ ಹೆಚ್ಚಿಸಬೇಡಿ. ಯಂತ್ರಾನುವಾದದ ಕನ್ನಡದಲ್ಲೇ ಸಾಲದ ಆ್ಯಪ್, ಜೂಜಿನ ಆ್ಯಪ್ ಜಾಹೀರಾತುಗಳು ಬರುತ್ತಿವೆ.

ಎಷ್ಟೇ ಅಂಕ ಬಂದರೂ ಪುಟದಲ್ಲಿ ತೋರಿಸುವ ಉತ್ತರ ಒಂದೇ ಇರಲಿ: "ಧನ್ಯವಾದ, ನಿಮ್ಮ ಅನಿಸಿಕೆ ತಲುಪಿದೆ, ಪರಿಶೀಲನೆಯ ನಂತರ ಕಾಣಿಸಬಹುದು." ಯಾವ ತಪ್ಪಿಗೆ ಸಿಕ್ಕಿಬಿದ್ದರು ಎಂದು ಹೇಳಿದರೆ ಅದನ್ನೇ ತಿದ್ದಿಕೊಂಡು ಬರುತ್ತಾರೆ.

---

ಅಂಚೆಪೆಟ್ಟಿಗೆ

ಮೇಲ್ ವಿಷಯ ನಾನು ಹೇಳ್ತೀನಿ.

ಸಂಪರ್ಕ ಫಾರ್ಮಿನ ಮೇಲ್‌ನಲ್ಲಿ "ಫ್ರಮ್" ಜಾಗಕ್ಕೆ ಓದುಗರ ವಿಳಾಸ ಹಾಕಿದ್ದೀರಾ ನೋಡಿ. ಹಳೇ ಪಿಎಚ್‌ಪಿ ಕೋಡ್‌ಗಳಲ್ಲಿ ಹೀಗೇ ಇರುತ್ತೆ. ನಿಮ್ಮ ಸರ್ವರ್‌ನಿಂದ ಹೊರಟ ಪತ್ರ ಜಿಮೇಲ್ ಅಥವಾ ಯಾಹೂ ವಿಳಾಸದ್ದು ಅಂತ ಹೇಳಿಕೊಂಡರೆ ಡಿಮಾರ್ಕ್ (ಫ್ರಮ್ ವಿಳಾಸ ನಿಜವೇ ಅಂತ ನೋಡೋ) ಪರೀಕ್ಷೆಯಲ್ಲಿ ಬೀಳುತ್ತೆ, ಒಳ್ಳೇ ಓದುಗರ ಪತ್ರವೇ ಸ್ಪ್ಯಾಮ್ ಪೆಟ್ಟಿಗೆಗೆ ಹೋಗುತ್ತೆ. ಫ್ರಮ್ ನಿಮ್ಮದೇ ಡೊಮೇನ್‌ನ ವಿಳಾಸ, "ರಿಪ್ಲೈ ಟು" ಓದುಗರ ವಿಳಾಸ. ಹೀಗಿದ್ದರೆ ಉತ್ತರ ಬರೆಯೋದಕ್ಕೂ ತೊಂದರೆ ಇಲ್ಲ.

ಮೇಲ್ ಫಂಕ್ಷನ್‌ಗೆ ಓದುಗರು ಕೊಟ್ಟ ವಿಳಾಸವನ್ನೋ ವಿಷಯವನ್ನೋ ಹೆಡರ್‌ಗೆ ನೇರವಾಗಿ ಅಂಟಿಸಿದ್ದರೆ ಅದು ಬಾಗಿಲು ತೆರೆದಿಟ್ಟಂತೆ. ವಿಳಾಸದ ನಂತರ ಹೊಸ ಸಾಲಿನ ಸಂಕೇತ ಸೇರಿಸಿ "ಬಿಸಿಸಿ" ಅಂತ ಇನ್ನೊಂದು ಹೆಡರ್ ತುರುಕಿದರೆ ನಿಮ್ಮ ಫಾರ್ಮ್‌ನಿಂದಲೇ ನೂರಾರು ಜನಕ್ಕೆ ಪತ್ರ ಹೋಗುತ್ತೆ. ಹೆಡರ್‌ಗೆ ಹೋಗೋ ಯಾವುದರಲ್ಲೇ ಆಗಲಿ ಸಾಲು ಮುರಿಯೋ ಎರಡು ಸಂಕೇತಗಳು (ಕ್ಯಾರೇಜ್ ರಿಟರ್ನ್, ಲೈನ್ ಫೀಡ್) ಇದ್ದರೆ ಸೀದಾ ತಿರಸ್ಕರಿಸಿ. ಅದಕ್ಕಿಂತ ಒಳ್ಳೇದು ಪಿಎಚ್‌ಪಿಮೇಲರ್ (ಮೇಲ್ ಕಳಿಸೋ ಸಿದ್ಧ ಕೋಡ್) ಹಾಕಿಕೊಂಡು ಎಸ್‌ಎಂಟಿಪಿ ಲಾಗಿನ್ ಮೂಲಕ ಕಳಿಸೋದು.

ದೃಢೀಕರಣ ಮೇಲ್ ಮತ್ತೆ ಶುರು ಮಾಡುವಾಗ: ಓದುಗರು ಟೈಪ್ ಮಾಡಿದ ಒಂದಕ್ಷರವೂ ಅದರಲ್ಲಿ ಇರಬಾರದು, ಹೆಸರು ಕೂಡ. "ನಮಸ್ಕಾರ, ನಮ್ಮ ಕಾರ್ಯಕ್ರಮಕ್ಕೆ ಈ ವಿಳಾಸದಿಂದ ನೋಂದಣಿ ಬಂದಿದೆ. ನೀವೇ ಮಾಡಿದ್ದರೆ ಈ ಕೊಂಡಿ ಒತ್ತಿ, ಇಲ್ಲದಿದ್ದರೆ ಬಿಟ್ಟುಬಿಡಿ" ಅಷ್ಟೇ. ಜಾಹೀರಾತು ಹೋಗೋ ದಾರಿಯೇ ಮುಚ್ಚಿಹೋದರೆ ಅವರಿಗೆ ನಿಮ್ಮ ಫಾರ್ಮಿನಿಂದ ಏನೂ ಲಾಭವಿಲ್ಲ. ಕೊಂಡಿ ಒತ್ತೋವರೆಗೆ ಸೀಟು ಎಣಿಸಬೇಡಿ, 24 ಗಂಟೆ ಬಿಟ್ಟು ಕಾಯ್ದಿರಿಸಿದ್ದು ರದ್ದಾಗಲಿ. ಒಂದು ವಿಳಾಸಕ್ಕೆ ದಿನಕ್ಕೆ ಒಂದೇ ಮೇಲ್, ಇಡೀ ಫಾರ್ಮಿನಿಂದ ಗಂಟೆಗೆ ಇಷ್ಟು ಅಂತ ಒಂದು ಒಟ್ಟು ಮಿತಿ ಇಡಿ. ನಿಮ್ಮ ಕಾರ್ಯಕ್ರಮಗಳಿಗೆ ಗಂಟೆಗೆ 30 ಸಾಕಲ್ಲವೇ? ಮಿತಿ ದಾಟಿದರೆ ನೋಂದಣಿ ಉಳಿಸಿಕೊಳ್ಳಿ, ಮೇಲ್ ಮಾತ್ರ ಸರದಿಯಲ್ಲಿ ನಿಲ್ಲಲಿ. ಯಾರದೋ ಇನ್‌ಬಾಕ್ಸ್ ಮುಳುಗಿಸಲು ಸಾವಿರಾರು ತಾಣಗಳ ಫಾರ್ಮಿಗೆ ಅವರ ವಿಳಾಸ ತುಂಬೋ ದಾಳಿಯಲ್ಲೂ ನಿಮ್ಮ ತಾಣ ಪಾಲುದಾರ ಆಗೋದು ಇದರಿಂದ ತಪ್ಪುತ್ತೆ.

---

ಓದುಗರ_ಅಂಗಳ

ಎಲ್ಲರಿಗೂ ತುಂಬ ಧನ್ಯವಾದ. ದೃಢೀಕರಣ ಮೇಲ್ ನಿಲ್ಲಿಸಲಾಗಿದೆ. ಲಾಗ್‌ನಲ್ಲಿ ಕಂಡದ್ದು: ಸಂದರ್ಶಕರ ಪುಸ್ತಕಕ್ಕೆ ಬರುವುದರಲ್ಲಿ ಹೆಚ್ಚಿನವು ಗೆಟ್ ಇಲ್ಲದ ನೇರ ಪೋಸ್ಟ್, ಪ್ರತಿ ಸಲವೂ ಬೇರೆ ಐಪಿ. ನೋಂದಣಿಗೆ ಗೆಟ್ ಆದ ಒಂದು ಸೆಕೆಂಡಿನೊಳಗೆ ಪೋಸ್ಟ್, ಸಿಎಸ್‌ಎಸ್ ಕೇಳಿಲ್ಲ. ಸಂಪರ್ಕ ಫಾರ್ಮಿನ ಇಂಗ್ಲಿಷ್ ಪತ್ರಗಳು ಮಾತ್ರ ಎಲ್ಲ ಫೈಲುಗಳನ್ನೂ ಇಳಿಸಿಕೊಂಡು, ಒಂದು ನಿಮಿಷದ ಆಸುಪಾಸಿನಲ್ಲಿ ಬಂದಿವೆ.

ಎರಡು ಪ್ರಶ್ನೆ ಉಳಿದಿವೆ. ಆ ಕೊನೆಯವಕ್ಕೆ ಟರ್ನ್‌ಸ್ಟೈಲ್ (ಕ್ಲೌಡ್‌ಫ್ಲೇರ್‌ನ ಚಿತ್ರವಿಲ್ಲದ ಕ್ಯಾಪ್ಚಾ) ಹಾಕಿದರೆ ನಿಲ್ಲುತ್ತವೆಯೇ? ಮತ್ತು ಪುಸ್ತಕದಲ್ಲಿ ಈಗಾಗಲೇ ತುಂಬಿರುವ ಕಸದ ನಡುವೆ ಹಳೆಯ ಓದುಗರ ಒಳ್ಳೆಯ ಅನಿಸಿಕೆಗಳಿವೆ, ಅವನ್ನು ಕಳೆದುಕೊಳ್ಳದೆ ಗುಡಿಸುವುದು ಹೇಗೆ?

---

ಕರಾವಳಿ_ಕೋಡ್

ಟರ್ನ್‌ಸ್ಟೈಲ್ ಬಗ್ಗೆ. ಕ್ಲೌಡ್‌ಫ್ಲೇರ್ 2022ರಲ್ಲಿ ತಂದದ್ದು. ಚಿತ್ರ ಹುಡುಕಿಸುವುದಿಲ್ಲ, ಹೆಚ್ಚೆಂದರೆ ಒಂದು ಚೌಕ ಒತ್ತಿಸುತ್ತದೆ. ನಿಮ್ಮ ತಾಣ ಕ್ಲೌಡ್‌ಫ್ಲೇರ್ ಹಿಂದೆ ಇರಬೇಕೆಂದೇನೂ ಇಲ್ಲ. ಆದರೆ ನಿಮ್ಮ ಲಾಗ್ ನೋಡಿದರೆ ಸಂದರ್ಶಕರ ಪುಸ್ತಕಕ್ಕೂ ನೋಂದಣಿಗೂ ಅದರ ಅಗತ್ಯವೇ ಇಲ್ಲ, ಸಹಿ ಮತ್ತು ಗಾಳದ ಖಾನೆಯೇ ಅವನ್ನು ಹಿಡಿಯುತ್ತವೆ. ಸಂಪರ್ಕ ಫಾರ್ಮಿನಲ್ಲಿ ನಿಜ ಬ್ರೌಸರ್ ಓಡಿಸುವ ಬಾಟ್ ಆದರೆ ಸ್ವಲ್ಪ ಮಟ್ಟಿಗೆ ತಡೆಯಬಹುದು. ಮನುಷ್ಯರೇ ಕೂತು ಕಳಿಸುತ್ತಿದ್ದರೆ ಯಾವ ಕ್ಯಾಪ್ಚಾವೂ ತಡೆಯುವುದಿಲ್ಲ, ಏಕೆಂದರೆ ಅದು ಕೇಳುವುದು "ನೀನು ಯಂತ್ರವೇ?" ಎಂದು ಮಾತ್ರ. ಅಲ್ಲಿ ಬರಹವನ್ನೇ ನೋಡಬೇಕು. ಇಂಗ್ಲಿಷ್‌ನಲ್ಲಿ ಸರ್ಚ್ ರ್‍ಯಾಂಕಿಂಗ್, ಬ್ಯಾಕ್‌ಲಿಂಕ್, ಗೆಸ್ಟ್ ಪೋಸ್ಟ್, ವೆಬ್ ಡಿಸೈನ್ ಎಂಬ ಪದಗುಚ್ಛಗಳಿಗೆ ತಲಾ 20 ಅಂಕ ಸೇರಿಸಿ, 30 ದಾಟಿದ್ದು ಇನ್‌ಬಾಕ್ಸ್ ಬದಲು ಇನ್ನೊಂದು ಫೋಲ್ಡರ್‌ಗೆ ಹೋಗಲಿ. ಬಿಡಿ ಪದ ಬೇಡ, ಪದಗುಚ್ಛವೇ ಇರಲಿ. "ಡಿಸೈನ್" ಒಂದಕ್ಕೇ ಅಂಕ ಕೊಟ್ಟರೆ ಪುಸ್ತಕದ ಮುಖಪುಟದ ಬಗ್ಗೆ ಬರೆದವರೂ ಸಿಕ್ಕಿಕೊಳ್ಳುತ್ತಾರೆ.

ಅಕಿಸ್ಮೆಟ್ ಎಂಬ ಸ್ಪ್ಯಾಮ್ ಗುರುತಿಸುವ ಸೇವೆ ಇಂಥ ಪತ್ರಗಳನ್ನು ಚೆನ್ನಾಗಿ ಗುರುತಿಸುತ್ತದೆ, ವರ್ಡ್‌ಪ್ರೆಸ್ ಇಲ್ಲದೆಯೂ ಅದರ ಎಪಿಐ ಬಳಸಬಹುದು. ಸಂಪರ್ಕ ಪತ್ರವೆಂದು ವಿಧ ನಮೂದಿಸಿ ಬರಹ, ಐಪಿ, ಯೂಸರ್ ಏಜೆಂಟ್ ಕಳಿಸಬೇಕು. ಅಂದರೆ ಓದುಗರ ಪತ್ರ ಹೊರಗಿನ ಕಂಪನಿಗೆ ಹೋಗುತ್ತದೆ. ಅದನ್ನು ಫಾರ್ಮಿನ ಕೆಳಗೆ ಬರೆಯುವುದು ಓದುಗರಿಗೆ ನಾವು ತೋರಬೇಕಾದ ಮರ್ಯಾದೆ.

ಹಾಗಿದ್ದೂ ಟರ್ನ್‌ಸ್ಟೈಲ್ ಹಾಕುವುದಾದರೆ ಇಷ್ಟು ಗಮನಿಸಿ. ಪುಟದಲ್ಲಿ ವಿಜೆಟ್ ಕಾಣಿಸಿದ ಮಾತ್ರಕ್ಕೆ ರಕ್ಷಣೆ ಬರುವುದಿಲ್ಲ. ಅದು ಕೊಟ್ಟ ಟೋಕನ್ನನ್ನು ನಿಮ್ಮ ಪಿಎಚ್‌ಪಿ ಕೋಡ್ ಸೈಟ್‌ವೆರಿಫೈ ವಿಳಾಸಕ್ಕೆ ಕಳಿಸಿ ಕೇಳಲೇಬೇಕು. ಈ ಅರ್ಧ ಬಿಟ್ಟಿರುವ ತಾಣಗಳು ಬಹಳ. ಬಾಟ್ ನೇರ ಪೋಸ್ಟ್ ಮಾಡಿದರೆ ವಿಜೆಟ್ ಅದರ ದಾರಿಗೇ ಬರುವುದಿಲ್ಲ. ಟೋಕನ್ ಬದುಕುವುದು 5 ನಿಮಿಷ, ಬಳಕೆ ಒಂದೇ ಸಲ. ಗೂಗಲ್‌ನ ರೀಕ್ಯಾಪ್ಚಾ ವಿ3 ಆದರೆ 2 ನಿಮಿಷ, ಆದ್ದರಿಂದ ಅಲ್ಲಿ ಪುಟ ತೆರೆದಾಗ ಅಲ್ಲ, ಕಳಿಸು ಒತ್ತಿದಾಗ ಟೋಕನ್ ಪಡೆಯಬೇಕು. ಕನ್ನಡದಲ್ಲಿ ನಿಧಾನವಾಗಿ ಟೈಪ್ ಮಾಡುವವರಿಗೆ ಎರಡು ನಿಮಿಷ ಏನೇನೂ ಸಾಲದು. ಪರಿಶೀಲನೆಗೆ ಕರ್ಲ್‌ನಲ್ಲಿ 5 ಸೆಕೆಂಡ್ ಟೈಮ್‌ಔಟ್ ಇಡಿ, ಉತ್ತರ ಬರದಿದ್ದರೆ ಪತ್ರವನ್ನು ತಿರಸ್ಕರಿಸದೆ 30 ಅಂಕ ಸೇರಿಸಿ ಪರಿಶೀಲನೆಗೆ ಕಳಿಸಿ. ಅವರ ಸರ್ವರ್ ಮಲಗಿದರೆ ನಿಮ್ಮ ಪುಸ್ತಕ ಮುಚ್ಚಬಾರದು.

ನಿಮ್ಮ ಲೆಕ್ಕದ ಪ್ರಶ್ನೆಯನ್ನು ಪೂರ್ತಿ ಬಿಡಬೇಕಿಲ್ಲ. ಸಣ್ಣ ತಾಣಕ್ಕೆ ಕನ್ನಡದ್ದೇ ಪ್ರಶ್ನೆ ಇಂದಿಗೂ ಸಾಕಷ್ಟು ಕೆಲಸ ಮಾಡುತ್ತದೆ, ನಿಮ್ಮೊಬ್ಬರ ಪ್ರಶ್ನೆಗೆ ಉತ್ತರ ಬರೆಯಲು ಯಾರೂ ಬಾಟ್ ತಿದ್ದುತ್ತಾ ಕೂರುವುದಿಲ್ಲ. "ಮೈಸೂರು, ಮಂಡ್ಯ, ಮಾವು: ಇವುಗಳಲ್ಲಿ ಹಣ್ಣು ಯಾವುದು?" ಎಂಬಂಥದು ಸಾಕು. ಸರಿಯುತ್ತರ ಯಾವುದು ಎಂಬ ಗುರುತು ಎಚ್‌ಟಿಎಂಎಲ್‌ನಲ್ಲಿ ಇರಬಾರದು, ಸರ್ವರ್‌ನಲ್ಲಿರಲಿ. ಕನ್ನಡದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಬರೆದ ಉತ್ತರ ಒಪ್ಪಿ, ಕೊನೆಯ ಚುಕ್ಕೆ, ಅಂತರ ತೆಗೆದು ಹೋಲಿಸಿ. ಸಂಖ್ಯೆಯ ಪ್ರಶ್ನೆ ಇಟ್ಟರೆ 7 ಮತ್ತು ೭ ಎರಡೂ ಸರಿ ಎನ್ನಬೇಕು, ಕೆಲವು ಕನ್ನಡ ಕೀಬೋರ್ಡ್‌ಗಳಲ್ಲಿ ಕನ್ನಡ ಅಂಕಿ ಬರುತ್ತದೆ.

---

ಅಕ್ಷರಜಾಲ

ಗುಡಿಸುವ ಕೆಲಸಕ್ಕೆ: ಮೊದಲು ಪೂರ್ತಿ ಡೇಟಾಬೇಸ್‌ನ ಬ್ಯಾಕಪ್ ಇಳಿಸಿ. ಕೋಷ್ಟಕಕ್ಕೆ "ಸ್ಥಿತಿ" ಎಂಬ ಹೊಸ ಕಾಲಂ ಸೇರಿಸಿ, ಪುಟದಲ್ಲಿ "ಪ್ರಕಟ" ಇರುವುದಷ್ಟೇ ಕಾಣುವಂತೆ ಮಾಡಿ. ಯಾವುದನ್ನೂ ಅಳಿಸಬೇಡಿ, ಸ್ಥಿತಿ ಬದಲಿಸಿ.

ಬೇರ್ಪಡಿಸಲು ಬೈಟ್ ಲೆಕ್ಕ ತುಂಬ ನೆರವಾಗುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಲೆಂಗ್ತ್ ಬೈಟ್ ಕೊಡುತ್ತದೆ, ಕ್ಯಾರ್ ಲೆಂಗ್ತ್ ಸಂಕೇತಗಳ ಸಂಖ್ಯೆ ಕೊಡುತ್ತದೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಬರೀ ಇಂಗ್ಲಿಷ್ ಅಕ್ಷರ ಇದ್ದರೆ 1. ರಷ್ಯನ್ ಅಕ್ಷರಕ್ಕೆ 2 ಬೈಟ್, ಅಂತರಗಳೂ ಸೇರಿ ಭಾಗಲಬ್ಧ 2ಕ್ಕಿಂತ ಕೆಳಗೇ. ಕನ್ನಡದ ಬರಹ ಸಾಮಾನ್ಯವಾಗಿ 2.5ಕ್ಕಿಂತ ಮೇಲೆ. ಹಾಗಾಗಿ 2.3ಕ್ಕಿಂತ ಹೆಚ್ಚು ಇದ್ದು ಕೊಂಡಿ ಇಲ್ಲದವನ್ನು "ಪ್ರಕಟ" ಎಂದು ಬಿಡಿ. 2.3ಕ್ಕಿಂತ ಕಡಿಮೆ ಇದ್ದು ಕೊಂಡಿ ಇರುವವನ್ನು "ಅನುಮಾನ" ಎಂದು ಗುರುತಿಸಿ. ಉಳಿದವನ್ನು, ಮುಖ್ಯವಾಗಿ ಕೊಂಡಿ ಇಲ್ಲದ ಇಂಗ್ಲಿಷ್ ಅಕ್ಷರದವನ್ನು, ಕಣ್ಣಾರೆ ಓದಿ. ಚೀನೀ, ಜಪಾನಿ, ಥಾಯ್ ಬರಹಕ್ಕೂ 3 ಬೈಟ್ ಆಗುವುದರಿಂದ "ಪ್ರಕಟ" ಪಟ್ಟಿಯ ಮೇಲೂ ಒಮ್ಮೆ ಕಣ್ಣಾಡಿಸಿ. ಈ ಲೆಕ್ಕ ಸರಿಬರುವುದು ಕಾಲಂ ಯುಟಿಎಫ್8 ಅಥವಾ ಯುಟಿಎಫ್8ಎಂಬಿ4 ಆಗಿದ್ದರೆ ಮಾತ್ರ. ಹಳೆಯ ತಾಣಗಳಲ್ಲಿ ಲ್ಯಾಟಿನ್1 ಕಾಲಂನಲ್ಲಿ ಕನ್ನಡ ತುಂಬಿಟ್ಟಿರುತ್ತಾರೆ, ಆಗ ಎಲ್ಲಕ್ಕೂ 1 ಬರುತ್ತದೆ. ಹಾಗೆ ಬಂದರೆ ಮೊದಲು ಎನ್‌ಕೋಡಿಂಗ್ ಸರಿಮಾಡಿ.

ಇನ್ನು ಮುಂದೆ ಅನಿಸಿಕೆಯಲ್ಲಿ ಬಂದ ವಿಳಾಸವನ್ನು ಒತ್ತುವ ಕೊಂಡಿಯಾಗಿ ಬದಲಿಸಲೇಬೇಡಿ, ಬರೀ ಅಕ್ಷರವಾಗಿ ಇರಲಿ. ಕೊಂಡಿ ಬೇಕೇಬೇಕು ಎಂದಾದರೆ ಯುಜಿಸಿ (ಬಳಕೆದಾರರು ಬರೆದದ್ದು) ಮತ್ತು ನೋಫಾಲೋ (ಹಿಂಬಾಲಿಸಬೇಡ) ಎರಡೂ ರೆಲ್ ಗುರುತು ಹಾಕಿ. ನೋಫಾಲೋ 2005ರಿಂದ ಇದೆ, ಯುಜಿಸಿ 2019ರಲ್ಲಿ ಬಂತು. ಇವು ಸರ್ಚ್ ಎಂಜಿನ್‌ಗೆ ಹೇಳುವ ಮಾತು. ಬಾಟ್‌ಗಳು ಇದನ್ನು ನೋಡಿ ಹಿಂದೆ ಹೋಗುವುದಿಲ್ಲ. ಪುಟಕ್ಕೆ ಬರೆಯುವಾಗ ಪ್ರತಿ ಖಾನೆಯನ್ನೂ ಎಚ್‌ಟಿಎಂಎಲ್ ಸ್ಪೆಷಲ್ ಚಾರ್ಸ್ ಮೂಲಕ ದಾಟಿಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಒಂದು ಸ್ಕ್ರಿಪ್ಟ್ ಟ್ಯಾಗ್ ಸಾಕು, ಸ್ಪ್ಯಾಮ್ ಹೋಗಿ ದಾಳಿಯಾಗುತ್ತದೆ.

ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ "ಮ್ಯಾನುಯಲ್ ಆ್ಯಕ್ಷನ್ಸ್" ಪುಟ ನೋಡಿ. ಬಳಕೆದಾರರು ತುಂಬಿದ ಸ್ಪ್ಯಾಮ್ ಎಂದು ದೂರು ದಾಖಲಾಗಿದ್ದರೆ, ಗುಡಿಸಿದ ನಂತರ ಅಲ್ಲಿಂದಲೇ ಮರುಪರಿಶೀಲನೆ ಕೇಳಬೇಕು. ಬರೀ ಕಸವಿದ್ದ ಹಿಂದಿನ ಪುಟಗಳಿಗೆ 410 (ಪುಟ ಶಾಶ್ವತವಾಗಿ ತೆಗೆಯಲಾಗಿದೆ) ಉತ್ತರ ಕೊಡಿ.

---

ನೇತ್ರಾವತಿ_ತೀರ

ನಮ್ಮದು ವಿಪಿಎಸ್ (ನಾವೇ ನಿರ್ವಹಿಸೋ ಬಾಡಿಗೆ ಸರ್ವರ್), ಅದರಲ್ಲಿ ಎಂಜಿನ್‌ಎಕ್ಸ್ ವೆಬ್ ಸರ್ವರ್. ಕೋರಿಕೆಗಳಿಗೆ ಮಿತಿ ಹಾಕೋ ಲಿಮಿಟ್ ರೆಕ್‌ನಲ್ಲಿ ನಿಮಿಷಕ್ಕೆ 5 ಅಂತ ಹಾಕಿದ ಮೇಲೆ ನಿಜವಾದ ಓದುಗರಿಗೂ 503 (ಸೇವೆ ಲಭ್ಯವಿಲ್ಲ) ಬರ್ತಿದೆ. ಯಾಕೆ ಅಂತ ಯಾರಾದರೂ ಹೇಳ್ತೀರಾ?

---

ಬಯಲುಸೀಮೆ_ಡೆವ್

ನಿಮಿಷಕ್ಕೆ 5 ಅಂದರೆ ಎಂಜಿನ್‌ಎಕ್ಸ್ ಲೆಕ್ಕದಲ್ಲಿ 12 ಸೆಕೆಂಡಿಗೆ ಒಂದು. ಎರಡು ಸಲ ಬಟನ್ ಒತ್ತಿದರೂ ಎರಡನೇದು ಬೀಳುತ್ತೆ. ಬರ್ಸ್ಟ್ 3, ನೋ ಡಿಲೇ ಅಂತ ಸೇರಿಸಿ. ಉತ್ತರದ ಸಂಕೇತ 503ರ ಬದಲು 429 (ಕೋರಿಕೆ ಹೆಚ್ಚಾಯಿತು) ಕೊಡಿ. ಪುಟ ನೋಡೋ ಗೆಟ್‌ಗಳನ್ನೂ ಅದು ಎಣಿಸ್ತಿರಬಹುದು: ಮ್ಯಾಪ್ ಬಳಸಿ, ಪೋಸ್ಟ್ ಆದರೆ ಕೀಲಿಗೆ ಐಪಿ, ಉಳಿದದ್ದಕ್ಕೆ ಖಾಲಿ ಕೊಡಿ, ಕೀಲಿ ಖಾಲಿ ಇದ್ದರೆ ಎಣಿಕೆ ಆಗಲ್ಲ. ನಿಮ್ಮ ಸರ್ವರ್ ಕ್ಲೌಡ್‌ಫ್ಲೇರ್ ಹಿಂದೆ ಇದ್ದರೆ ಎಲ್ಲ ಓದುಗರೂ ಕೆಲವೇ ಐಪಿಗಳಿಂದ ಬಂದ ಹಾಗೆ ಕಾಣ್ತಾರೆ, ಆಗ ರಿಯಲ್ ಐಪಿ ಮಾಡ್ಯೂಲ್ ಹೊಂದಿಸಲೇಬೇಕು. ಅವರ ಪ್ರಕಟಿತ ಐಪಿ ಶ್ರೇಣಿಗಳಿಂದ ಬಂದ ಹೆಡರ್ ಮಾತ್ರ ನಂಬಿ, ಉಳಿದವರು ಕಳಿಸಿದ ಫಾರ್ವರ್ಡೆಡ್ ಫಾರ್ ಹೆಡರ್ ಯಾರು ಬೇಕಾದರೂ ಬರೆದುಕೊಳ್ಳಬಹುದು.

ಓದುಗರ ಅಂಗಳದವರಿಗೆ: ಶೇರ್ಡ್ ಹೋಸ್ಟಿಂಗ್‌ನಲ್ಲಿ ಇದು ಸಿಗಲ್ಲ. ಡೇಟಾಬೇಸ್‌ನಲ್ಲಿ ಐಪಿಯ ಹ್ಯಾಶ್ ಮತ್ತು ಸಮಯ ಇಟ್ಟುಕೊಂಡು ಎಣಿಸಿ. ಐಪಿವಿ6 ಆದರೆ ಪೂರ್ತಿ ವಿಳಾಸ ಅಲ್ಲ, ಮೊದಲ 64 ಬಿಟ್ ಮಾತ್ರ. ಒಂದೇ ಮನೆಯ ಸಂಪರ್ಕಕ್ಕೆ ಅಷ್ಟು ದೊಡ್ಡ ಶ್ರೇಣಿ ಸಿಗುತ್ತೆ. ಹತ್ತು ನಿಮಿಷದಲ್ಲಿ ಮೂರು ದಾಟಿದರೆ 20 ಅಂಕ ಸೇರಿಸಿ ಸಾಕು. ನಿಮ್ಮ ಲಾಗ್ ಪ್ರಕಾರ ಪ್ರತಿ ಸಲ ಬೇರೆ ಐಪಿ ಬರ್ತಿರೋದರಿಂದ ಇದರಿಂದ ದೊಡ್ಡ ಲಾಭ ನಿರೀಕ್ಷಿಸಬೇಡಿ.

70 ದಾಟಿ ಪ್ರತ್ಯೇಕ ಕೋಷ್ಟಕಕ್ಕೆ ಹೋದವನ್ನು ಕ್ರಾನ್ (ನಿಗದಿತ ಹೊತ್ತಿಗೆ ತಾನೇ ಓಡೋ ಕೆಲಸ) ಹಾಕಿ 30 ದಿನದ ನಂತರ ಅಳಿಸಿ. ಅಳಿಸೋ ಮೊದಲು, ಶುರುವಿನ ಕೆಲವು ವಾರ ಅದರಲ್ಲಿ ಕನ್ನಡ ಲಿಪಿ ಇರುವ ಸಾಲುಗಳನ್ನು ಮಾತ್ರ ಸೋಸಿ ಓದಿ. ಒಂದು ನಿಜವಾದ ಅನಿಸಿಕೆ ಸಿಕ್ಕರೂ ಅದಕ್ಕೆ ಯಾವ ಪರೀಕ್ಷೆ ಎಷ್ಟು ಅಂಕ ಕೊಟ್ಟಿತು ಅಂತ ಗೊತ್ತಾಗಬೇಕು, ಆದ್ದರಿಂದ ಒಟ್ಟು ಅಂಕದ ಜೊತೆ ಕಾರಣಗಳನ್ನೂ ಒಂದು ಕಾಲಂನಲ್ಲಿ ಬರೆದಿಡಿ.